ನನ್ನ ಥರ್ಟಿ-ಥರ್ಟಿ ಕೋವಿಯ ಚೇಂಬರನ್ನು ನಾನೇ ಕೊರೆದ ಅನುಭವ

ಕೇಪಿನ ಕೋವಿ, ತೋಟಾ ಕೋವಿಗಳ ನಡುವೆ ಕೊಡಗಿನಲ್ಲಿ ಬೆಳೆದ ನಾನು ಹದಿನಾಲ್ಕು ವರ್ಷಗಳಿಂದ ಅಮೆರಿಕದ ಕೊಲೊರಾಡೊದಲ್ಲಿ ಟೂಲ್‌ರೂಮ್ ಮೆಷಿನಿಸ್ಟ್ ಆಗಿ ದುಡಿಯುತ್ತಿದ್ದೇನೆ. ಇಲ್ಲಿ ಕೊಂಡ ಹಳೆಯ ಮಾರ್ಲಿನ್ 336 ಲಿವರ್-ಆ್ಯಕ್ಷನ್ (ಕೆಳಗಿನ ಸನ್ನೆ ಎಳೆದು ತೋಟಾ ತುಂಬುವ) ರೈಫಲ್ ಥರ್ಟಿ-ಥರ್ಟಿ ವಿಂಚೆಸ್ಟರ್ ತೋಟಾಕ್ಕೆ ಮಾಡಿದ್ದು. 1895ರಲ್ಲಿ ಮಾರುಕಟ್ಟೆಗೆ ಬಂದ ಆ ತೋಟಾ ಇಂದಿಗೂ ಇಲ್ಲಿನ ಜಿಂಕೆ ಬೇಟೆಗಾರರ ನೆಚ್ಚಿನದು. ಅದಕ್ಕೆ ಇನ್ನಷ್ಟು ಬಲ ತುಂಬಬೇಕೆಂಬ ಆಸೆ ನನಗೂ ಹುಟ್ಟಿತು. ತನ್ನ ಸ್ವಂತ ರೈಫಲಿನ ಚೇಂಬರನ್ನು, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡನ್ನು, ಬದಲಿಸಿಕೊಳ್ಳುವವನಿಗೆ ಇಲ್ಲಿನ ಕೇಂದ್ರ ಕಾನೂನು ಪರವಾನಗಿ ಕೇಳುವುದಿಲ್ಲ. ಇತರರ ಕೋವಿಗಳನ್ನು ಹಣಕ್ಕೆ ತಿದ್ದುವ ವೃತ್ತಿಗೆ ಮಾತ್ರ ಅದು ಬೇಕು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಇಂಥ ಕೆಲಸಕ್ಕೆ ಕೈಹಾಕುವಂತಿಲ್ಲ. ಕೊಡವರಿಗಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೇ ಹೊರತು ಅದನ್ನು ಕೊರೆಯುವುದಕ್ಕಲ್ಲ ಎಂಬುದನ್ನು ಊರಿನ ನೆಂಟರಿಗಾಗಿ ಮೊದಲೇ ಹೇಳಿಬಿಡುತ್ತೇನೆ.

ಯಾವ ತೋಟಾಕ್ಕೆ ಬದಲಿಸುವುದು ಎಂಬುದನ್ನು ತೀರ್ಮಾನಿಸಲು ನನಗೆ ಇಡೀ ಚಳಿಗಾಲ ಹಿಡಿಯಿತು. ಲಿವರನ್ನು ಎಳೆದು ಮುಚ್ಚಿದಾಗ ಮಾರ್ಲಿನ್‌ನ ಬೋಲ್ಟಿನ (ತೋಟಾದ ಹಿಂದೆ ಚೇಂಬರನ್ನು ಮುಚ್ಚುವ ಉಕ್ಕಿನ ದಿಂಡಿನ) ಹಿಂಭಾಗಕ್ಕೆ ಕೆಳಗಿನಿಂದ ಒಂದು ಉಕ್ಕಿನ ತುಂಡು ಎದ್ದು ಬಂದು ಅಗುಳಿ ಹಾಕುತ್ತದೆ. ಗುಂಡು ಹಾರಿದಾಗ ಹಿಂದಕ್ಕೆ ಬರುವ ತಳ್ಳುವಿಕೆಯನ್ನೆಲ್ಲ ಈ ಒಂದೇ ಅಗುಳಿ ತಡೆಯಬೇಕು, ಮತ್ತು ಅದು ತೋಟಾದಿಂದ ದೂರದಲ್ಲಿ, ಬೋಲ್ಟಿನ ಹಿಂತುದಿಯ ಹತ್ತಿರ ಇರುವುದರಿಂದ ನಡುವಿನ ಚೌಕಟ್ಟು ಪ್ರತಿ ಸಲವೂ ಕೂದಲೆಳೆಯಷ್ಟಾದರೂ ಹಿಗ್ಗಿ ಮರಳುತ್ತದೆ. ಥರ್ಟಿ-ಥರ್ಟಿಯ ಒತ್ತಡದ ಅಂಗೀಕೃತ ಮೇಲ್ಮಿತಿ ಚದರ ಇಂಚಿಗೆ 42,000 ಪೌಂಡ್, ಅದಕ್ಕಿಂತ ಬಲವಾದ ಪಾಯಿಂಟ್ 308 ವಿಂಚೆಸ್ಟರ್ ತೋಟಾದ್ದು 62,000. ತೋಟಾದ ಬುಡದ ಹೊರವ್ಯಾಸವನ್ನೇ ಹಿಡಿದು ಒರಟು ಲೆಕ್ಕ ಹಾಕಿದರೆ ಮೊದಲನೆಯದರ ತಳ್ಳುವಿಕೆ ಸುಮಾರು 5,900 ಪೌಂಡ್, ಎರಡನೆಯದರದು ಸುಮಾರು 10,800. ಚೇಂಬರನ್ನು ಎಷ್ಟು ಬೇಕಾದರೂ ಹಿಗ್ಗಿಸಬಹುದು, ಆದರೆ ಅಗುಳಿ ಇದ್ದಷ್ಟೇ ಇರುತ್ತದೆ. ಆದ್ದರಿಂದ ಒತ್ತಡವನ್ನು ಏರಿಸದೆ, ಮದ್ದಿಗೆ ಜಾಗವನ್ನು ಮಾತ್ರ ಹೆಚ್ಚಿಸುವ ಥರ್ಟಿ-ಥರ್ಟಿ ಆ್ಯಕ್ಲಿ ಇಂಪ್ರೂವ್ಡ್ ಎಂಬ ರೂಪವನ್ನು ಆರಿಸಿಕೊಂಡೆ.

ಪಿ. ಒ. ಆ್ಯಕ್ಲಿ ಈ ರಾಜ್ಯದ ಟ್ರಿನಿಡಾಡ್ ಊರಿನಲ್ಲಿ ಕೆಲವು ಕಾಲ ಕಾರ್ಯಾಗಾರ ನಡೆಸಿದ ಕೋವಿ ತಜ್ಞರು. ಮೂಲ ತೋಟಾದ ಮೈಯ ಇಳಿಜಾರನ್ನು ತಗ್ಗಿಸಿ, ಮೈ ಕಿರಿದಾಗಿ ಕುತ್ತಿಗೆಗೆ ಸೇರುವ ಕಡೆ ಸುಮಾರು 15 ಡಿಗ್ರಿಯಿದ್ದ ಭುಜವನ್ನು 40 ಡಿಗ್ರಿಗೆ ನಿಲ್ಲಿಸುವುದು ಅವರ ಮಾರ್ಪಾಡು. ಮೈ ನೆಟ್ಟಗಾದ ಹಿತ್ತಾಳೆಯ ಕೇಸ್ (ತೋಟಾದ ಹೊರಕವಚ) ಚೇಂಬರಿನ ಗೋಡೆಯನ್ನು ಬಿಗಿಯಾಗಿ ಕಚ್ಚಿಕೊಳ್ಳುವುದರಿಂದ ಬೋಲ್ಟಿನ ಮೇಲಿನ ಭಾರ ಕಡಿಮೆಯಾಗುತ್ತದೆ ಎಂದು ತೋರಿಸಲು ಅವರು ವಿಂಚೆಸ್ಟರ್ 94ರ ಅಗುಳಿಯನ್ನೇ ತೆಗೆದು ಗುಂಡು ಹಾರಿಸಿ ಪರೀಕ್ಷಿಸಿದ್ದರು. ಆ ಪ್ರಯೋಗವನ್ನು ನೆಚ್ಚಿಕೊಂಡು ಒತ್ತಡ ಏರಿಸುವವರೂ ಇದ್ದಾರೆ. ಅದು ನನಗೆ ಒಪ್ಪಿತವಲ್ಲ. ಚೇಂಬರಿನಲ್ಲಿ ಎಣ್ಣೆಯ ಪಸೆ ಉಳಿದರೆ ಸಾಕು, ಕೇಸಿನ ಆ ಹಿಡಿತ ಸಡಿಲಗೊಂಡು ಭಾರವೆಲ್ಲ ಮತ್ತೆ ಬೋಲ್ಟಿಗೇ ಬೀಳುತ್ತದೆ.

ಈ ತೋಟಾದ ಇನ್ನೊಂದು ಅನುಕೂಲ ಅದರ ರಿಮ್, ಅಂದರೆ ಬುಡದಲ್ಲಿ ಹೊರಚಾಚಿದ ಅಂಚು. ಚೇಂಬರಿನಲ್ಲಿ ತೋಟಾ ಎಲ್ಲಿಯವರೆಗೆ ಹೋಗಿ ನಿಲ್ಲಬೇಕು ಎಂಬುದನ್ನು ಭುಜವಲ್ಲ, ಬುಡದ ರಿಮ್ ನಿರ್ಧರಿಸುತ್ತದೆ. ಹಾಗಾಗಿ ನಳಿಗೆಯನ್ನು ಕಳಚಿ ಹಿಂದಕ್ಕೆ ಕೂರಿಸುವ ದೊಡ್ಡ ಕೆಲಸ ತಪ್ಪಿತು. ಜೊತೆಗೆ ಮಾರ್ಲಿನ್‌ನ ಲಿವರ್ ಕಳಚಿದರೆ ಬೋಲ್ಟ್ ಹಿಂದಿನಿಂದಲೇ ಹೊರಬರುತ್ತದೆ. ಹಿಡಿಕೆ ಮರವನ್ನೂ ಹ್ಯಾಮರನ್ನೂ ತೆಗೆದ ಮೇಲೆ ಉದ್ದ ಕಂಬಿಗೆ ಜೋಡಿಸಿದ ರೀಮರನ್ನು (ಚೇಂಬರಿನ ಆಕಾರಕ್ಕೆ ಲೋಹ ಕೊರೆಯುವ ಉಪಕರಣವನ್ನು) ಆ ದಾರಿಯಲ್ಲೇ ನೇರವಾಗಿ ಒಳಗಿಳಿಸಬಹುದು.

ಮೊದಲು ಕಡಿಮೆ ಶಾಖಕ್ಕೆ ಕರಗುವ ಬಿಸ್ಮತ್ ಮಿಶ್ರಲೋಹವನ್ನು ಚೇಂಬರಿಗೆ ಎರೆದು ಅಚ್ಚು ತೆಗೆದೆ. ಆ ಲೋಹ ಆರುವಾಗ ಕುಗ್ಗಿ, ಸುಮಾರು ಒಂದು ಗಂಟೆಯ ಹೊತ್ತಿಗೆ ಚೇಂಬರಿನ ನಿಜವಾದ ಅಳತೆಗೆ ಮರಳುತ್ತದೆ. ಅವಸರಪಟ್ಟು ಅಳೆದರೆ ಮೋಸ ಹೋಗುತ್ತೇವೆ. ಹಳೆಯ ಚೇಂಬರ್ ಎಲ್ಲಿಯೂ ಹೊಸ ರೂಪದ ಗೆರೆಯನ್ನು ಮೀರಿಲ್ಲವೆಂದು ಖಚಿತವಾದ ಮೇಲೆ ನಳಿಗೆಯೊಳಗೆ ಹೊಕ್ಕು ರೀಮರನ್ನು ನೇರವಾಗಿ ನಡೆಸುವ, ಅದರ ಮುಂತುದಿಯ ಪೈಲಟ್‌ನ ಪ್ರಶ್ನೆ ಬಂತು. ಮಾರ್ಲಿನ್‌ನ ಮೈಕ್ರೋ-ಗ್ರೂವ್ ನಳಿಗೆಯ ಹನ್ನೆರಡು ಗೀರುಗಳು ಬಹಳ ತೆಳು, ಅವುಗಳ ನಡುವಿನ ದಿಣ್ಣೆಗಳೂ ಅಷ್ಟೇ ಗಿಡ್ಡ. ಅದರಿಂದಾಗಿ ಮಾಮೂಲಿ ಅಳತೆಯ ಪೈಲಟ್ ಒಳಗೆ ಅಲುಗಾಡುತ್ತದೆ. ಪೈಲಟ್‌ಗೆ ಬದಲಿಸಬಹುದಾದ ಬುಷಿಂಗ್ (ಬಳೆ) ಇರುವ ರೀಮರನ್ನು ತರಿಸಿ, ಅಲುಗಾಡದೆ ಜಾರುವ ಬುಷಿಂಗ್ ಸಿಗುವವರೆಗೆ ಒಂದೊಂದನ್ನೇ ಹಾಕಿ ನೋಡಿದೆ.

ಕೊರೆಯುವುದಕ್ಕಿಂತ ನಿಲ್ಲಿಸುವುದೇ ಈ ಕೆಲಸದಲ್ಲಿ ಕಷ್ಟ. ತೆಗೆಯಬೇಕಾದ ಲೋಹ ಭುಜದ ಸುತ್ತ ಸ್ವಲ್ಪವೇ ಸ್ವಲ್ಪ, ಆದರೆ ರಿಮ್ ಕೂರುವ ಮೆಟ್ಟಿಲನ್ನು ರೀಮರ್ ಒಂದಿಷ್ಟೂ ತಿನ್ನಬಾರದು. ಆ ಮೆಟ್ಟಿಲಿಗೆ ನೀಲಿ ಗುರುತಿನ ಶಾಯಿ ಬಳಿದು, ಕಟಿಂಗ್ ಆಯಿಲ್ ಹಾಕಿ, ಕೈಯಿಂದಲೇ ಒಂದೇ ದಿಕ್ಕಿಗೆ ತಿರುಗಿಸುತ್ತ ಹೋದೆ. ಹಿಂದಕ್ಕೆ ತಿರುಗಿಸಿದರೆ ರೀಮರಿನ ಅಲಗು ಕೆಡುತ್ತದೆಯಾದ್ದರಿಂದ ಹೊರಗೆಳೆಯುವಾಗಲೂ ಮುಂದಕ್ಕೇ ತಿರುಗಿಸುತ್ತಿರಬೇಕು. ಪ್ರತಿ ನಾಲ್ಕೈದು ಸುತ್ತಿಗೆ ಹೊರತೆಗೆದು ಚೂರುಗಳನ್ನು ಒರೆಸಿ ಮತ್ತೆ ಇಳಿಸುವುದು ಬೇಸರದ ಕೆಲಸ. ಎರಡನೆಯ ದಿನ ಸಂಜೆ ನಾನು ಒಂದು ಸಲ ಒರೆಸದೆ ಮುಂದುವರಿದೆ. ಸಿಕ್ಕಿಕೊಂಡ ಒಂದು ಚೂರು ಚೇಂಬರಿನ ಗೋಡೆಗೆ ಉಂಗುರದಂಥ ಗೀರು ಎಳೆಯಿತು. ಉಜ್ಜಿ ತೆಗೆಯಲು ಕೈ ತುರಿಸಿತಾದರೂ, ಚೇಂಬರನ್ನು ಕನ್ನಡಿಯಂತೆ ನಯಗೊಳಿಸಿದರೆ ಕೇಸಿನ ಹಿಡಿತವೇ ಹೋಗುತ್ತದೆಂದು ಚೂಪು ಅಂಚನ್ನಷ್ಟೇ ಮುರಿದು ಬಿಟ್ಟೆ.

ಶಾಯಿಯ ಮೇಲೆ ಮಸುಕು ಉಜ್ಜು ಕಂಡ ಕ್ಷಣವೇ ಕೈ ನಿಲ್ಲಿಸಿ ಗೇಜ್ ತೆಗೆದುಕೊಂಡೆ. ಥರ್ಟಿ-ಥರ್ಟಿಯ ರಿಮ್ ದಪ್ಪ 0.063 ಇಂಚು. ಆ ದಪ್ಪದ 'ಗೋ' ಗೇಜಿನ ಮೇಲೆ ಬೋಲ್ಟ್ ಮುಚ್ಚಿಕೊಳ್ಳಬೇಕು, ಅದಕ್ಕಿಂತ ತುಸು ದಪ್ಪನೆಯ 'ನೋ-ಗೋ' ಮೇಲೆ ಮುಚ್ಚಿಕೊಳ್ಳಬಾರದು. ಎಕ್ಸ್‌ಟ್ರ್ಯಾಕ್ಟರನ್ನೂ (ಖಾಲಿ ಕೇಸನ್ನು ಹೊರಗೆಳೆಯುವ ಕೊಕ್ಕೆ) ಫೈರಿಂಗ್ ಪಿನ್ನನ್ನೂ ತೆಗೆದ ಬರಿಯ ಬೋಲ್ಟಿನಿಂದ, ಒಂದು ಬೆರಳಿನ ಭಾರದಲ್ಲಿ ಪರೀಕ್ಷಿಸಬೇಕು, ಏಕೆಂದರೆ ಲಿವರಿನ ಸನ್ನೆ ಬಲಕ್ಕೆ ಮುಚ್ಚಬಾರದ ಗೇಜೂ ಮುಚ್ಚಿಕೊಳ್ಳಬಹುದು. ಎರಡೂ ಸರಿಯಾಗಿಯೇ ಬಂದವು. ಆದರೂ ನನ್ನ ಕೈಯ ಮೇಲೆ ನನಗೇ ಪೂರ್ತಿ ನಂಬಿಕೆಯಿಲ್ಲದ್ದರಿಂದ, ಪರವಾನಗಿಯುಳ್ಳ ಹಿರಿಯ ಕೋವಿ ಕೆಲಸಗಾರರೊಬ್ಬರಿಗೆ ಹಣ ಕೊಟ್ಟು ಮತ್ತೊಮ್ಮೆ ಅಳೆಸಿದೆ.

ಮೊದಲ ಗುಂಡುಗಳನ್ನು ರೈಫಲನ್ನು ಹಳೆಯ ಟೈರಿಗೆ ಕಟ್ಟಿ, ಮರೆಯಲ್ಲಿ ನಿಂತು ದಾರದಿಂದ ಕುದುರೆ ಎಳೆದು ಹಾರಿಸಿದೆ. ಅಂಗಡಿಯ ಮಾಮೂಲಿ ತೋಟಾವನ್ನೇ ಹೊಸ ಚೇಂಬರಿನಲ್ಲಿ ಹಾರಿಸಿದರೆ ಅದರ ಹಿತ್ತಾಳೆ ಉಬ್ಬಿ ಹೊಸ ರೂಪ ಪಡೆದು ಹೊರಬರುತ್ತದೆ. ಇಪ್ಪತ್ತರಲ್ಲಿ ಎರಡು ಕುತ್ತಿಗೆಯ ಬಳಿ ಸೀಳಿದವು. ಉಳಿದವುಗಳ ಮೇಲೆಲ್ಲ ನನ್ನ ಅವಸರದ ಉಂಗುರ ಸಣ್ಣಗೆ ಮೂಡಿತ್ತು. ಮರುತುಂಬಿದ ತೋಟಾಗಳ ಒಟ್ಟು ಉದ್ದ 2.550 ಇಂಚನ್ನು ಮೀರದಂತೆ ನೋಡಿಕೊಂಡೆ. ಕೊಳವೆ ಮ್ಯಾಗಝೀನಿನ ಸ್ಪ್ರಿಂಗ್ ಗುಂಡನ್ನು ಒಳಕ್ಕೆ ಒತ್ತದಂತೆ ಕೇಸಿನ ಬಾಯನ್ನು ಬಿಗಿಯಾಗಿ ಮಡಿಸಿದೆ. ಆ ಕೊಳವೆಯಲ್ಲಿ ಒಂದರ ಮೂತಿ ಮುಂದಿನದರ ಪ್ರೈಮರಿಗೆ (ಬುಡದಲ್ಲಿದ್ದು ಮದ್ದಿಗೆ ಕಿಡಿ ಹೊತ್ತಿಸುವ ಕೇಪಿಗೆ) ತಾಗಿಕೊಂಡೇ ನಿಲ್ಲುವುದರಿಂದ ಗಟ್ಟಿ ಚೂಪು ಮೂತಿಯ ಗುಂಡುಗಳನ್ನು ಬಳಸುವ ಮಾತೇ ಇಲ್ಲ. ಭುಜ ಚೂಪಾದ ಕೇಸ್‌ಗಳು ಮೊದಲಿನಷ್ಟು ನಯವಾಗಿ ಒಳಸರಿಯುವುದಿಲ್ಲ, ಲಿವರನ್ನು ಸ್ವಲ್ಪ ಗಟ್ಟಿಯಾಗಿ ಎಳೆಯಬೇಕಾಗುತ್ತದೆ.

ಇಷ್ಟೆಲ್ಲ ಮಾಡಿ ಗಳಿಸಿದ ವೇಗವೆಷ್ಟು ಎಂದು ಕೇಳಿದರೆ, 170 ಗ್ರೇನ್ ಗುಂಡಿಗೆ ಸೆಕೆಂಡಿಗೆ ಸುಮಾರು 120 ಅಡಿ ಎಂದು ನನ್ನ ವೇಗಮಾಪಕ ಹೇಳುತ್ತದೆ. ಜಿಂಕೆಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಕೇಸ್‌ಗಳು ಮೊದಲಿನಂತೆ ಉದ್ದಕ್ಕೆ ಎಳೆದುಕೊಳ್ಳದಿರುವುದು. ನಾಲ್ಕು ಸಲ ತುಂಬಿದ ಮೇಲೂ ಅವುಗಳ ಬಾಯನ್ನು ಕತ್ತರಿಸುವ ಪ್ರಮೇಯ ಬಂದಿಲ್ಲ. ನಳಿಗೆಯ ಮೇಲಿನ ಹಳೆಯ ಹೆಸರಿನ ಪಕ್ಕದಲ್ಲೇ ಹೊಸ ಹೆಸರನ್ನೂ ಅಚ್ಚೊತ್ತಿದ್ದೇನೆ. ಹೊಸ ರೂಪದ ತೋಟಾ ಬೇರೆ ಯಾವ ಥರ್ಟಿ-ಥರ್ಟಿಗೂ ಹೊಂದದು ಎಂಬುದು ನನ್ನ ನಂತರ ಈ ಕೋವಿಯನ್ನು ಹಿಡಿಯುವವರಿಗೂ ತಿಳಿಯಬೇಕು.