ನಕ್ಷೆಯ ಹಸಿರೆಲ್ಲ ಕಾಡಲ್ಲ: ತುಮಕೂರಿನ ಸುತ್ತ ನಿಸರ್ಗ ವಿಹಾರಕ್ಕೆ ಜಾಗ ಹುಡುಕುವ ಬಗೆ

ಬೆಂಗಳೂರಿನಿಂದ ಸುಮಾರು 70 ಕಿ.ಮೀ. ದೂರದ ತುಮಕೂರಿಗೆ ರಜೆಯ ದಿನ ಬರುವವರು ಹೆಚ್ಚಾಗಿ ದೇವರಾಯನದುರ್ಗದ ನೆತ್ತಿಗೇ ಹೋಗುತ್ತಾರೆ. ಮಕ್ಕಳಿಗೆ ಹಕ್ಕಿ, ಹುಳ, ಹುಲ್ಲು ತೋರಿಸಲು ಅದಕ್ಕಿಂತ ನೆಮ್ಮದಿಯ ಜಾಗಗಳು ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಹುಡುಕುವ ಕ್ರಮ ಗೊತ್ತಿರಬೇಕು.

ಮೊದಲು ಗೂಗಲ್ ಅರ್ತ್‌ನಲ್ಲಿ ಉಪಗ್ರಹ ಚಿತ್ರ ತೆರೆದು ಮನೆಯಿಂದ 25 ಕಿ.ಮೀ. ದೂರದೊಳಗೆ ನೋಡಿ. ಚೌಕಳಿಯಂತೆ ಸಾಲಾಗಿ ಚುಕ್ಕೆಗಳಿದ್ದರೆ ತೆಂಗಿನ ತೋಟ. ಕೆರೆ ಏರಿಯ ಕೆಳಗೆ ಕಡು ಹಸಿರು ಪಟ್ಟಿಯಿದ್ದರೆ ಸಾಮಾನ್ಯವಾಗಿ ಅಡಿಕೆ. ಎರಡೂ ಖಾಸಗಿ. ಅಂಚು ನೇರವಾಗಿದ್ದು ಎಲ್ಲೆಡೆ ಒಂದೇ ಬಣ್ಣವಿದ್ದರೆ ನೀಲಗಿರಿ ತೋಪಿರಬಹುದು. ಅದರಡಿ ಗಿಡಗಂಟೆ ಕಡಿಮೆ, ಹಾಗಾಗಿ ಹಕ್ಕಿಯೂ ಕಡಿಮೆ. ಬಂಡೆ, ಹಳ್ಳ, ಪೊದೆ ಸೇರಿ ಎಲ್ಲೂ ಒಂದೇ ಸಮ ಇಲ್ಲದ ಜಾಗವೇ ನಿಮಗೆ ಬೇಕಾದದ್ದು. ಅನುಮಾನವಿದ್ದರೆ ಅಲ್ಲೇ ಸಿಗುವ ಹಳೆಯ ಚಿತ್ರಗಳಲ್ಲಿ ಅಕ್ಟೋಬರ್ ಮತ್ತು ಮಾರ್ಚ್ ತಿಂಗಳುಗಳನ್ನು ಹೋಲಿಸಿ. ನಮ್ಮ ಕಡೆಯ ಎಲೆ ಉದುರುವ ಕಾಡು ಮಾರ್ಚ್ ಹೊತ್ತಿಗೆ ಕಂದಾಗುತ್ತದೆ. ವರ್ಷವಿಡೀ ಹಸಿರಿದ್ದರೆ ನೀರಾವರಿ ತೋಟವೋ ನೀಲಗಿರಿಯೋ ಆಗಿರುವುದೇ ಹೆಚ್ಚು.

ಕಂದು ಬಣ್ಣ ಕಂಡೊಡನೆ ಬರಡು ಎಂದು ಬಿಟ್ಟುಬಿಡಬೇಡಿ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು ನಕ್ಷೆಯಲ್ಲಿ ಬೋಳಾಗಿ ಕಾಣುತ್ತದೆ. 2007ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಣೆಯಾದ ಆ 798 ಎಕರೆಯಲ್ಲಿ ಕೃಷ್ಣಮೃಗದ ಹಿಂಡುಗಳೇ ಇವೆ. ಹುಲ್ಲುಗಾವಲನ್ನು ಪಾಳು ಎಂದು ಕರೆಯುವುದನ್ನು ನಾವು ಬಿಡಬೇಕು.

ಜಾಗ ಸಿಕ್ಕ ಮೇಲೆ ಅದು ಯಾರದ್ದು ಎಂದು ತಿಳಿಯಿರಿ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಅಲ್ಲಿ ಬೆರಳಿಟ್ಟರೆ ಗ್ರಾಮ, ಸರ್ವೆ ನಂಬರ್ ಬರುತ್ತದೆ. ಅದೇ ನಂಬರಿನ ಪಹಣಿಯನ್ನು ಅದೇ ಇಲಾಖೆಯ ಭೂಮಿ ಜಾಲತಾಣದಲ್ಲಿ ತೆಗೆದು, ಮಾಲೀಕರ ಹೆಸರಿರುವ 9ನೇ ಕಾಲಂ ಓದಿ. ಗೋಮಾಳ, ಗುಂಡುತೋಪು, ಕೆರೆ ಎಂದಿದ್ದರೆ ಊರಿನವರಿಗೆ ಒಂದು ಮಾತು ಹೇಳಿ ಹೋಗಿ. ಅರಣ್ಯ ಎಂದಿದ್ದರೆ ವಲಯ ಕಚೇರಿಯಲ್ಲಿ ಅನುಮತಿ ಕೇಳಲೇಬೇಕು. ಮೀಸಲು ಅರಣ್ಯಕ್ಕೆ ಕೇಳದೆ ನುಗ್ಗುವುದು ಅಪರಾಧ. ದೇವರಾಯನದುರ್ಗದಲ್ಲಿ ನಾಮದ ಚಿಲುಮೆ ಮತ್ತು ದೇಗುಲದ ದಾರಿಗಳು ಸಾಕು. ಬಂಡೆಗಳ ನಡುವೆ ಹಳದಿ ಕೊರಳಿನ ಪಿಕಳಾರ ಹಕ್ಕಿಯನ್ನು ದಾರಿಯಿಂದಲೇ ಹುಡುಕಬಹುದು.

ಕಾಲ ತಪ್ಪಿದರೆ ಒಳ್ಳೆಯ ಜಾಗವೂ ಬರಿದು. ಕೆರೆಗಳಿಗೆ ನವೆಂಬರ್‌ನಿಂದ ಫೆಬ್ರವರಿ ಸೂಕ್ತ: ನೀರೂ ಇರುತ್ತದೆ, ವಲಸೆ ಬಾತುಗಳೂ ಬಂದಿರುತ್ತವೆ. ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಫೆಬ್ರವರಿಯ ನಂತರ ಹೋಗಿ. ಊರೊಳಗಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತದೆ, ಊರಿನವರೇ ಕಾಯುತ್ತಾರೆ. ಮರದಡಿ ಗದ್ದಲವಾದರೆ ತಾಯಿಹಕ್ಕಿ ಏಳುತ್ತದೆ, ಮರಿ ಬಿಸಿಲಿಗೆ ಬೀಳುತ್ತದೆ. ದೂರದಿಂದ ಬೈನಾಕ್ಯುಲರ್‌ನಲ್ಲಿ ನೋಡಿ. ಬೇಸಿಗೆಯಲ್ಲಿ ಬೆಟ್ಟದ ಕಡೆ ಬೇಡ, ಕಾಳ್ಗಿಚ್ಚಿನ ಕಾಲ.

ಮಕ್ಕಳನ್ನು ಕರೆದೊಯ್ಯುವ ಮುನ್ನ ದೊಡ್ಡವರೊಬ್ಬರು ಹೋಗಿ ನೋಡಿ ಬರಲೇಬೇಕು. ಮುಖ್ಯವಾಗಿ ಕೆರೆಯಂಗಳದಲ್ಲಿ ಮಣ್ಣು ತೆಗೆದ ಗುಂಡಿಗಳು. ಮಳೆ ಬಂದು ನೀರು ತುಂಬಿದರೆ ಅಂಚಿನಲ್ಲಿ ಮೊಣಕಾಲುದ್ದವಿರುವ ನೀರು ಎರಡು ಹೆಜ್ಜೆ ಮುಂದೆ ಆಳುದ್ದ ಇರುತ್ತದೆ, ಮೇಲಿಂದ ಏನೂ ತಿಳಿಯದು. ದನ ಕಾಯುವವರನ್ನು ಕೇಳಿ, ಅವರಿಗೆ ಪ್ರತಿ ಗುಂಡಿಯೂ ಗೊತ್ತು. ಹೆಬ್ಬಂಡೆ, ಆಲದ ಕೊಂಬೆಗಳಲ್ಲಿ ಹೆಜ್ಜೇನಿದ್ದರೆ ಜಾಗವನ್ನೇ ಬದಲಿಸಿ. ಹೊಗೆ, ಸೆಂಟು, ಕಲ್ಲೇಟು ಯಾವುದೂ ಅದನ್ನು ಕೆಣಕಬಹುದು. ಬೆಳಿಗ್ಗೆ ಹತ್ತಕ್ಕೆ ನೆರಳು ಎಲ್ಲಿರುತ್ತದೆ, ಮೊಬೈಲ್ ಸಿಗ್ನಲ್ ಇದೆಯೇ, ಹತ್ತಿರದ ಶೌಚಾಲಯ ಎಲ್ಲಿ, ಇವನ್ನೂ ಬರೆದುಕೊಳ್ಳಿ.

ಹೋಗುವ ದಿನ ಬೆಳಕು ಪೂರ್ತಿ ಹರಿದ ಮೇಲೆ ಹೊರಡಿ. ಇದು ಚಿರತೆ, ಕರಡಿಗಳಿರುವ ಜಿಲ್ಲೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಪೊದೆ ಹೊಕ್ಕರೆ ಅಪಾಯ. ತಲೆಗೆ ಒಂದೂವರೆ ಲೀಟರ್ ನೀರು, ಉದ್ದ ತೋಳಿನ ಅಂಗಿ, ಪ್ಯಾಂಟಿನ ಮೇಲೆ ಎಳೆದ ಸಾಕ್ಸ್. ದನ ಮೇಯುವ ಹುಲ್ಲಿನಲ್ಲಿ ಉಣ್ಣಿ ಇರುತ್ತದೆ. ಮನೆಗೆ ಬಂದೊಡನೆ ಮಕ್ಕಳ ಕಿವಿ ಹಿಂದೆ, ಕಂಕುಳು, ಮಂಡಿ ಹಿಂದೆ ನೋಡಿ, ಉಣ್ಣಿ ಕಚ್ಚಿದ್ದರೆ ಚಿಮಟದಿಂದ ಚರ್ಮಕ್ಕೆ ತಾಕುವಂತೆ ಹಿಡಿದು ನೇರಕ್ಕೆ ಎಳೆಯಿರಿ. ತಿರುಚಿದರೆ ಬಾಯಿ ಒಳಗೇ ಉಳಿದು ಗಾಯ ಕೀವಾಗಬಹುದು. ಕೋತಿಗಳಿರುವ ಬೆಟ್ಟಕ್ಕೆ ತಿಂಡಿ ಒಯ್ಯದೆ, ಹಿಂದಿರುಗುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಿ.