ಗುಪ್ತಾನ ಪಾತ್ರ, ಜಾನ್ ಕಜಾಲ್ ಮತ್ತು ಅಪ್ಪನ ಚೀಟಿ

ಪಾತ್ರ ಸಿಕ್ಕ ದಿನ ನಾನು ಮಾಡಿದ ಮೊದಲ ಕೆಲಸ, ಸ್ಕ್ರಿಪ್ಟ್‌ನಲ್ಲಿ ನನ್ನ ಮಾತುಗಳಿಗೆ ಹಳದಿ ಗೆರೆ ಎಳೆದದ್ದು. ಶಿವಮೊಗ್ಗದಲ್ಲಿ ಕಾಲೇಜು ನಾಟಕ ಆಡುವಾಗಿನಿಂದ ಇದೇ ಅಭ್ಯಾಸ. ಈ ಸಲ ಗೆರೆ ಬಿದ್ದದ್ದು ತುಂಬಾ ಕಡಿಮೆ. ಇದ್ದ ಮಾತುಗಳೂ ಹಿಂದಿ, ಅದೂ ಇಂಗ್ಲಿಷ್ ಅಕ್ಷರದಲ್ಲಿ.

ನಾಟಕ ‘ದಿ ಇಂಡಿಯನ್ ವಾಂಟ್ಸ್ ದ ಬ್ರಾಂಕ್ಸ್’. ಬ್ರಾಂಕ್ಸ್ ಅಂದರೆ ನ್ಯೂಯಾರ್ಕಿನ ಒಂದು ಭಾಗ. ಬರೆದವರು ಇಸ್ರೇಲ್ ಹಾರೊವಿಟ್ಜ್. ಕಥೆ ಚಿಕ್ಕದು. ಗುಪ್ತಾ ಎಂಬ ನಡುವಯಸ್ಸಿನ ಮನುಷ್ಯ ಮಗನನ್ನು ನೋಡಲು ಭಾರತದಿಂದ ನ್ಯೂಯಾರ್ಕಿಗೆ ಬಂದಿದ್ದಾನೆ. ದಾರಿ ತಪ್ಪಿದೆ. ರಾತ್ರಿ ಹೊತ್ತು, ಬಸ್ ಸ್ಟಾಪಿನಲ್ಲಿ ಒಬ್ಬನೇ ನಿಂತಿದ್ದಾನೆ. ಇಂಗ್ಲಿಷ್ ಬರುವುದಿಲ್ಲ. ಅಲ್ಲಿಗೆ ಮರ್ಫ್, ಜೋಯಿ ಎಂಬ ಇಬ್ಬರು ಪುಂಡ ಹುಡುಗರು ಬರುತ್ತಾರೆ. ಆಟ ಆಡಿಸುವಂತೆ ಶುರುವಾದದ್ದು ಹಿಂಸೆಯಲ್ಲಿ ಮುಗಿಯುತ್ತದೆ.

ನಾನಿರುವುದು ಬಾಸ್ಟನ್ ಹತ್ತಿರದ ಊರಿನಲ್ಲಿ. ಇಲ್ಲಿಯ ಒಂದು ಸಣ್ಣ ಹವ್ಯಾಸಿ ತಂಡದಲ್ಲಿ ಆರು ವರ್ಷದಿಂದ ಇದ್ದೇನೆ. ನನಗೆ ಬರುವುದೆಲ್ಲ ಪೋಷಕ ಪಾತ್ರ. ಡಾಕ್ಟರು, ಅಂಗಡಿಯವನು, ಪಕ್ಕದ ಮನೆಯವನು. ಗುಪ್ತಾ ನನಗೆ ಸಿಕ್ಕಿದ ಅತಿ ದೊಡ್ಡ ಪಾತ್ರ. ಆದರೆ ಮಾತೇ ಇಲ್ಲದ ದೊಡ್ಡ ಪಾತ್ರವನ್ನು ಹೇಗೆ ಮಾಡುವುದು? ಆ ಪ್ರಶ್ನೆ ಹಿಡಿದುಕೊಂಡು ಹೋದಾಗ ಸಿಕ್ಕವರು ಅಮೆರಿಕದ ನಟ ಜಾನ್ ಕಜಾಲ್.

1968ರ ಜನವರಿಯಲ್ಲಿ ಈ ನಾಟಕ ನ್ಯೂಯಾರ್ಕಿನ ಆಸ್ಟರ್ ಪ್ಲೇಸ್ ಥಿಯೇಟರಿಗೆ ಬಂದಾಗ ಮರ್ಫ್ ಆಗಿದ್ದವರು ಆಲ್ ಪಚಿನೊ. ಗುಪ್ತಾ ಆಗಿದ್ದವರು ಕಜಾಲ್. ಇಬ್ಬರಿಗೂ ಓಬಿ ಪ್ರಶಸ್ತಿ ಬಂತು. ಆಫ್ ಬ್ರಾಡ್‌ವೇ ಅಂದರೆ ನ್ಯೂಯಾರ್ಕಿನ ಸಣ್ಣ ರಂಗಮಂದಿರಗಳ ನಾಟಕಗಳಿಗೆ ಅದು ದೊಡ್ಡ ಗೌರವ. ಅದಕ್ಕೂ ಮುಂಚೆ ಇಬ್ಬರೂ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯಲ್ಲಿ ಕಾಗದಪತ್ರ ತಲುಪಿಸುವ ಕೆಲಸ ಮಾಡುವಾಗಲೇ ಪರಿಚಯವಾಗಿದ್ದರು. ಆಗ ಇಬ್ಬರ ಹೆಸರೂ ಯಾರಿಗೂ ಗೊತ್ತಿರಲಿಲ್ಲ.

ಕಜಾಲ್ ಹುಟ್ಟಿದ್ದು 1935ರಲ್ಲಿ, ರೆವೀರ್‌ನಲ್ಲಿ. ನಮ್ಮ ಮನೆಯಿಂದ ರೈಲಿನಲ್ಲೇ ಹೋಗಿ ಬರಬಹುದಾದ ಕಡಲ ತೀರದ ಊರು. ಅಪ್ಪ ಇಟಾಲಿಯನ್ ಮೂಲದವರು, ಅಮ್ಮ ಐರಿಶ್ ಮೂಲದವರು. ಬಾಸ್ಟನ್ ಯೂನಿವರ್ಸಿಟಿಯಲ್ಲಿ ನಾಟಕ ಕಲಿತರು. ಬದುಕಿಗಾಗಿ ಟ್ಯಾಕ್ಸಿ ಓಡಿಸಿದರು, ಫೋಟೋ ತೆಗೆದರು. ತಾಲೀಮು ಶುರುವಾದ ವಾರ ಬ್ಲೂ ಲೈನ್ ರೈಲು ಹತ್ತಿ ರೆವೀರ್ ಬೀಚಿಗೆ ಹೋಗಿ ಒಂದು ಗಂಟೆ ಸುಮ್ನೆ ನಡೆದು ಬಂದೆ. ಅದರಿಂದ ಪಾತ್ರಕ್ಕೇನೂ ಸಿಗಲಿಲ್ಲ. ಆದರೂ ಹೋಗಬೇಕು ಅನ್ನಿಸಿತ್ತು.

ಅವರ ಗುಪ್ತಾನನ್ನು ನೋಡುವ ದಾರಿ ನನಗಿರಲಿಲ್ಲ. ನಾಟಕಗಳನ್ನು ಚಿತ್ರೀಕರಿಸಿ ಇಡುವ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಸಂಗ್ರಹ ಶುರುವಾದದ್ದೇ 1970ರಲ್ಲಿ. ಹಾಗಾಗಿ ಸಿನಿಮಾದಿಂದಲೇ ಕಲಿಯಬೇಕಾಯಿತು. ಅದಕ್ಕೆ ಹೆಚ್ಚು ದಿನ ಬೇಕಾಗಲಿಲ್ಲ. ಅವರು ಮಾಡಿದ ಪೂರ್ಣ ಪ್ರಮಾಣದ ಸಿನಿಮಾಗಳು ಐದೇ ಐದು. ‘ದಿ ಗಾಡ್‌ಫಾದರ್’, ‘ದಿ ಕಾನ್ವರ್ಸೇಶನ್’, ಗಾಡ್‌ಫಾದರ್‌ನ ಎರಡನೇ ಭಾಗ, ‘ಡಾಗ್ ಡೇ ಆಫ್ಟರ್‌ನೂನ್’, ‘ದಿ ಡೀರ್ ಹಂಟರ್’. ಐದೂ ಅತ್ಯುತ್ತಮ ಚಿತ್ರದ ಆಸ್ಕರ್‌ಗೆ ನಾಮನಿರ್ದೇಶನ ಪಡೆದವು, ಮೂರು ಗೆದ್ದವು. ಕಜಾಲ್‌ಗೆ ಮಾತ್ರ ಒಂದು ಸಲವೂ ನಾಮನಿರ್ದೇಶನ ಸಿಗಲಿಲ್ಲ. ಇದು ನನಗೆ ಈಗಲೂ ಸಂಕಟ ಕೊಡುವ ವಿಷಯ.

ಸಿನಿಮಾದ ಬಾಗಿಲು ತೆರೆದದ್ದೂ ನಾಟಕದಿಂದಲೇ. 1971ರಲ್ಲಿ ಹಾರೊವಿಟ್ಜ್ ಅವರದೇ ‘ಲೈನ್’ ನಾಟಕದಲ್ಲಿ ಕಜಾಲ್ ಪಾತ್ರ ಮಾಡುತ್ತಿದ್ದರು. ಕಲಾವಿದರನ್ನು ಆರಿಸುವ ಫ್ರೆಡ್ ರೂಸ್ ಅದನ್ನು ನೋಡಿ ನಿರ್ದೇಶಕ ಕೊಪೊಲಾಗೆ ಹೇಳಿದರು. ಹಾಗೆ ‘ದಿ ಗಾಡ್‌ಫಾದರ್’ನ ಫ್ರೇಡೊ ಪಾತ್ರ ಬಂತು. ಆಗ ಅವರಿಗೆ ಮೂವತ್ತೈದು ದಾಟಿತ್ತು.

ನಾನು ಸಿನಿಮಾಗಳನ್ನು ನೋಡಿದ ರೀತಿ ಹೀಗೆ. ಮೊದಲ ಸಲ ಮಾಮೂಲಿನಂತೆ. ಎರಡನೇ ಸಲ ಸೌಂಡ್ ತೆಗೆದು. ಮೂರನೇ ಸಲ, ಬೇರೆಯವರು ಮಾತಾಡುವಾಗ ಕಜಾಲ್ ಮುಖ ಮಾತ್ರ. ಈ ಮೂರನೇ ಸಲವೇ ನನಗೆ ಪಾಠವಾಯಿತು. ಎದುರಿನವರ ಮಾತು ಅವರ ಒಳಗೆ ಇಳಿಯುವುದು ಕಾಣುತ್ತದೆ. ಮಾತು ಮುಗಿಯುವ ಮೊದಲೇ ಮುಖ ಸಿದ್ಧವಾಗಿರುವುದಿಲ್ಲ. ಕೇಳಿಸುತ್ತದೆ, ನಾಟುತ್ತದೆ, ಆಮೇಲೆ ಕಣ್ಣು ಬದಲಾಗುತ್ತದೆ. ನಮ್ಮ ಬಾಲಕೃಷ್ಣ ಅವರ ನೆನಪಾಯಿತು. ಕಿವಿ ಮಂದವಾಗಿದ್ದರೂ ಎದುರಿನ ನಟನನ್ನು ಎಷ್ಟು ಗಮನ ಕೊಟ್ಟು ನೋಡುತ್ತಿದ್ದರು, ಅಲ್ವಾ?

ಗಾಡ್‌ಫಾದರ್‌ನಲ್ಲಿ ಅಪ್ಪನ ಮೇಲೆ ಗುಂಡು ಹಾರುತ್ತದೆ. ಫ್ರೇಡೊ ಪಿಸ್ತೂಲು ತೆಗೆಯಲು ಹೋಗಿ ತಡವರಿಸುತ್ತಾನೆ, ಅದು ಕೈ ಜಾರುತ್ತದೆ. ಆಮೇಲೆ ರಸ್ತೆ ಬದಿಯಲ್ಲಿ ಕೂತು ಮಗುವಿನ ಹಾಗೆ ಅಳುತ್ತಾನೆ. ಎರಡನೇ ಭಾಗದಲ್ಲಿ ಅವನು ತಮ್ಮನ ಮುಂದೆ ಒರಗು ಕುರ್ಚಿಯಲ್ಲಿ ಬಿದ್ದುಕೊಂಡೇ ಜಗಳ ಆಡುತ್ತಾನೆ. ನೆಟ್ಟಗೆ ಕೂರಲು ನೋಡುತ್ತಾನೆ, ಆಗುವುದಿಲ್ಲ. ತಮ್ಮ ನಿಂತಿದ್ದಾನೆ, ಅಣ್ಣ ಮಲಗಿದ ಸ್ಥಿತಿಯಲ್ಲಿದ್ದಾನೆ. ಮನೆಯಲ್ಲಿ ಯಾರ ಸ್ಥಾನ ಎಲ್ಲಿ ಅನ್ನುವುದನ್ನು ಆ ಕುರ್ಚಿಯೇ ಹೇಳುತ್ತದೆ. ನಾನು ಅದನ್ನು ಎಷ್ಟು ಸಲ ನೋಡಿದೆ ಅಂದರೆ ಹೆಂಡತಿ ಬಂದು ಟಿವಿ ಆಫ್ ಮಾಡಿದಳು.

ಡಾಗ್ ಡೇ ಸಿನಿಮಾ ಬ್ರೂಕ್ಲಿನ್‌ನಲ್ಲಿ 1972ರಲ್ಲಿ ನಡೆದ ನಿಜವಾದ ಬ್ಯಾಂಕ್ ದರೋಡೆಯ ಕಥೆ. ಅದರಲ್ಲಿ ಕಜಾಲ್ ಮಾಡಿದ್ದು ಸಾಲ್ ಎಂಬ ದರೋಡೆಕೋರನ ಪಾತ್ರ. ನಿಜ ಜೀವನದ ಸಾಲ್ ಹದಿನೆಂಟರ ಹುಡುಗ. ಕಜಾಲ್‌ಗೆ ನಲವತ್ತು ಹತ್ತಿರ. ಪಚಿನೊ ಹಟ ಹಿಡಿದು ನಿರ್ದೇಶಕ ಸಿಡ್ನಿ ಲೂಮೆಟ್ ಮುಂದೆ ಕಜಾಲ್ ಅವರಿಂದ ಆ ಪಾತ್ರವನ್ನು ಒಂದು ಸಲ ಓದಿಸಿದರು. ಲೂಮೆಟ್ ಒಪ್ಪಿಬಿಟ್ಟರು. ದೇಶ ಬಿಟ್ಟು ಓಡುವುದಾದರೆ ಯಾವ ದೇಶಕ್ಕೆ ಹೋಗಬೇಕು ಅಂತ ಕೇಳಿದಾಗ ಸಾಲ್ ಸ್ವಲ್ಪ ಯೋಚಿಸಿ “ವಯೋಮಿಂಗ್” ಅನ್ನುತ್ತಾನೆ. ಅದು ಅಮೆರಿಕದ್ದೇ ಒಂದು ರಾಜ್ಯ. ಆ ಮಾತು ಸ್ಕ್ರಿಪ್ಟ್‌ನಲ್ಲಿ ಇರಲಿಲ್ಲ, ಕಜಾಲ್ ಅಲ್ಲೇ ಹೇಳಿದ್ದು. ನೋಡುವವರಿಗೆ ನಗು ಬರುತ್ತದೆ. ಆದರೆ ಅವರು ನಗಿಸಲು ಹೇಳಿಲ್ಲ. ಸಾಲ್‌ಗೆ ತನಗೆ ಗೊತ್ತಿರುವ ಅತಿ ದೂರದ ಜಾಗ ಅದೇ. ಆ ಮುಖದಲ್ಲಿ ಎಷ್ಟು ಪ್ರಾಮಾಣಿಕತೆ ಇದೆ ನೋಡಿ.

ಇಷ್ಟೆಲ್ಲ ನೋಡಿಯೂ ತಾಲೀಮಿನಲ್ಲಿ ನಾನು ತಪ್ಪೇ ಮಾಡಿದೆ. ಮೊದಲ ಮೂರು ವಾರ ಭಯವನ್ನು ಅಭಿನಯಿಸುತ್ತಿದ್ದೆ. ಕಣ್ಣು ಅಗಲ ಮಾಡುವುದು, ಕೈ ನಡುಗಿಸುವುದು. ನಿರ್ದೇಶಕಿ ಒಂದು ದಿನ ನಿಲ್ಲಿಸಿ ಹೇಳಿದರು: ಹುಡುಗರು ಇನ್ನೂ ಹತ್ತಿರ ಬಂದೇ ಇಲ್ಲ, ನೀವು ಆಗಲೇ ಹೆದರಿದ್ದೀರಿ. ಸರಿಯಾದ ಮಾತು. ನಾನು ಮೊದಲೇ ಹೆದರಿಬಿಟ್ಟರೆ ಮರ್ಫ್ ಪಾತ್ರದ ಹುಡುಗನಿಗೆ ಹೆದರಿಸುವ ಕೆಲಸವೇ ಉಳಿಯುವುದಿಲ್ಲ. ಅವನ ಪಾತ್ರವನ್ನು ನಾನೇ ಚಿಕ್ಕದು ಮಾಡುತ್ತಿದ್ದೆ.

ಆ ರಾತ್ರಿ ಹಳದಿ ಪೆನ್ನು ಪಕ್ಕಕ್ಕಿಟ್ಟು ಪೆನ್ಸಿಲ್ ತೆಗೆದುಕೊಂಡೆ. ಹುಡುಗರ ಒಂದೊಂದು ಮಾತಿನ ಪಕ್ಕದಲ್ಲೂ, ಗುಪ್ತಾಗೆ ಇದು ಏನು ಅಂತ ಕೇಳಿಸಿತು ಅನ್ನುವುದನ್ನು ಕನ್ನಡದಲ್ಲಿ ಬರೆದೆ. ಅವನಿಗೆ ಭಾಷೆ ಬರುವುದಿಲ್ಲ. ದನಿ, ಕೈ, ಎಷ್ಟು ಹತ್ತಿರ ನಿಂತಿದ್ದಾರೆ, ಅಷ್ಟೇ ಗೊತ್ತಾಗುವುದು. “ಈ ಹುಡುಗ ನಗ್ತಿದ್ದಾನೆ, ಒಳ್ಳೆಯವನಿರಬೇಕು.” “ಮಗನ ಹೆಸರು ಹೇಳಿದ್ರೆ ಗುರುತು ಸಿಗಬಹುದು.” “ಇವನ್ಯಾಕೆ ಇಷ್ಟು ಹತ್ತಿರ ಬಂದ?” ಹೀಗೆ ಇಡೀ ಸ್ಕ್ರಿಪ್ಟ್ ತುಂಬಿತು. ಮಾತು ಕಡಿಮೆ ಅಂದುಕೊಂಡಿದ್ದ ಪಾತ್ರಕ್ಕೆ ಎಲ್ಲರಿಗಿಂತ ಜಾಸ್ತಿ ಮಾತು ಬಂತು. ಹೆದರುವುದಕ್ಕಿಂತ ಮುಂಚೆ ಗುಪ್ತಾ ಎಷ್ಟೋ ಹೊತ್ತು ಆ ಹುಡುಗರನ್ನು ನಂಬುತ್ತಾನೆ ಅನ್ನುವುದು ಬರೆಯುವಾಗ ಗೊತ್ತಾಯಿತು.

ಹಿಂದಿ ಮಾತುಗಳಿಗೂ ಇದೇ ದಾರಿ. ನನ್ನದು ಶಾಲೆಯ ಮೂರನೇ ಭಾಷೆಯ ಹಿಂದಿ. ಬಾಯಿಗೆ ಬರುತ್ತದೆ, ಹೊಟ್ಟೆಯಿಂದ ಬರುವುದಿಲ್ಲ. ಎರಡು ವಾರ ಮನೆಯಲ್ಲಿ ಅವನ್ನೆಲ್ಲ ಕನ್ನಡದಲ್ಲಿ ಹೇಳಿಕೊಂಡೆ. “ನನ್ನ ಮಗ ಇಲ್ಲೇ ಎಲ್ಲೋ ಇದ್ದಾನೆ ಕಣಪ್ಪಾ” ಅಂತ. ಉಸಿರು ಎಲ್ಲಿ ಕಟ್ಟುತ್ತದೆ ಅಂತ ತಿಳಿದ ಮೇಲೆ ಹಿಂದಿಗೆ ವಾಪಸ್ ಹೋದೆ. ಮಾತು ಬದಲಾಯಿತು, ಉಸಿರು ಹಾಗೇ ಉಳಿಯಿತು.

ಕನ್ನಡದಲ್ಲಿ ಹೇಳಿಕೊಳ್ಳುವಾಗಲೇ ಅಪ್ಪ ಬಂದದ್ದು. ಹನ್ನೊಂದು ವರ್ಷದ ಹಿಂದೆ ಅವರು ನಮ್ಮ ಮನೆಗೆ ಬಂದಿದ್ದರು. ಒಂದು ಸಂಜೆ ಒಬ್ಬರೇ ವಾಕಿಂಗ್ ಹೋದವರು ಬಸ್ ಹತ್ತಿ ಎಲ್ಲೋ ಇಳಿದುಬಿಟ್ಟಿದ್ದರು. ಎರಡೂವರೆ ಗಂಟೆ ಸಿಗಲಿಲ್ಲ. ಕೊನೆಗೆ ಒಂದು ಬಸ್ ಸ್ಟಾಪಿನಲ್ಲಿ ಕೂತಿದ್ದರು. ನನ್ನ ಫೋನ್ ನಂಬರ್ ಬರೆದ ಚೀಟಿ ಕೈಯಲ್ಲಿತ್ತು. ಯಾರಿಗೂ ತೋರಿಸಿರಲಿಲ್ಲ. “ಯಾಕಪ್ಪಾ?” ಅಂದೆ. “ಜನಕ್ಕೆ ಯಾಕೆ ತೊಂದರೆ ಕೊಡೋದು, ನೀನು ಬಂದೇ ಬರ್ತೀಯ ಅಂತ ಗೊತ್ತಿತ್ತು ಕಣೋ” ಅಂದರು. ಆಮೇಲೆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡರು. ಅವರು ಈಗಿಲ್ಲ.

ನಾವು ಪೋಷಕ ನಟ ಅನ್ನುತ್ತೇವೆ. ಶಾಲೆಯಲ್ಲಿ ಪೋಷಕರು ಅಂದರೆ ಅಪ್ಪ ಅಮ್ಮ. ಎರಡೂ ಒಂದೇ ಪದ ಅಂತ ಇಷ್ಟು ವರ್ಷ ನಾನು ಯೋಚಿಸಿರಲೇ ಇಲ್ಲ.

ಕಜಾಲ್ ರಂಗವನ್ನು ಕೊನೆಯವರೆಗೂ ಬಿಡಲಿಲ್ಲ. 1976ರಲ್ಲಿ ಸೆಂಟ್ರಲ್ ಪಾರ್ಕಿನ ಬಯಲು ರಂಗಮಂದಿರದಲ್ಲಿ ಶೇಕ್ಸ್‌ಪಿಯರ್‌ನ ‘ಮೆಷರ್ ಫಾರ್ ಮೆಷರ್’ ಆಡಿದರು. ಜೊತೆಗಿದ್ದವರು ಆಗಿನ್ನೂ ಹೊಸಬರಾಗಿದ್ದ ಮೆರಿಲ್ ಸ್ಟ್ರೀಪ್. ಇಬ್ಬರೂ ಪ್ರೀತಿಸಿದರು. ಮರುವರ್ಷ ಕಜಾಲ್ ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾಯಿತು. ‘ದಿ ಡೀರ್ ಹಂಟರ್’ ಚಿತ್ರೀಕರಣದಲ್ಲಿ ಅವರ ದೃಶ್ಯಗಳನ್ನೇ ಮೊದಲು ತೆಗೆದರು. 1978ರ ಮಾರ್ಚ್‌ನಲ್ಲಿ ತೀರಿಕೊಂಡರು. ನಲವತ್ತೆರಡು ವರ್ಷ. ಸಿನಿಮಾ ತೆರೆಗೆ ಬಂದದ್ದು ಆ ಡಿಸೆಂಬರ್‌ನಲ್ಲಿ. ಸ್ಟ್ರೀಪ್ ಕೊನೆಯ ತನಕ ಪಕ್ಕದಲ್ಲೇ ಇದ್ದರು.

ನಮ್ಮದು ನಾಲ್ಕು ಪ್ರದರ್ಶನ. ಚರ್ಚ್ ಹಾಲು, ಎಂಬತ್ತು ಕುರ್ಚಿ. ಮೊದಲ ದಿನ ಕಾಲು ಭಾರವಾಗಿತ್ತು. ಮೂರನೇ ದಿನ ಮರ್ಫ್ ಪಾತ್ರದ ಹುಡುಗ ನಾನು ಎಂದೂ ಕೇಳದ ಮೆಲುದನಿಯಲ್ಲಿ ಒಂದು ಮಾತು ಹೇಳಿದ. ನಾನು ನಿಜವಾಗಿಯೂ ಅವನನ್ನು ನಂಬಿದೆ. ಒಂದು ಹೆಜ್ಜೆ ಮುಂದೆ ಹೋದೆ. ತಾಲೀಮಿನಲ್ಲಿ ಆ ಹೆಜ್ಜೆ ಇರಲಿಲ್ಲ. ಅವನ ಮುಖ ಒಂದು ಕ್ಷಣ ಮೆತ್ತಗಾಗಿ ಆಮೇಲೆ ಗಟ್ಟಿಯಾಯಿತು. ಹಾಲ್‌ನಲ್ಲಿ ಕೆಮ್ಮುತ್ತಿದ್ದವರೂ ಸುಮ್ಮನಾದರು.

ನಾಟಕದ ಕೊನೆಯಲ್ಲಿ ಬಸ್ ಸ್ಟಾಪಿನ ಫೋನಿನ ತಂತಿ ತುಂಡಾಗಿರುತ್ತದೆ, ಹುಡುಗರು ಹೋಗಿರುತ್ತಾರೆ. ರಿಸೀವರ್ ಗುಪ್ತಾನ ಕೈಯಲ್ಲಿರುತ್ತದೆ. ಬರುವ ನಾಲ್ಕಾರು ಇಂಗ್ಲಿಷ್ ಮಾತುಗಳನ್ನು ಅವನು ಕತ್ತಲಿಗೆ ಹೇಳುತ್ತಾನೆ. ನಾಲ್ಕನೇ ದಿನ ಅದನ್ನು ಹೇಳುತ್ತಾ, ಮಗನ ನಂಬರ್ ಇದ್ದ ಚೀಟಿಯನ್ನು ಇನ್ನೊಂದು ಕೈಯಲ್ಲಿ ಮಡಿಸಿದೆ. ನಾಲ್ಕು ಮಡಿಕೆ. ಅಂಗಿಯ ಜೇಬಿಗೆ ಹಾಕಿಕೊಂಡೆ. ಲೈಟ್ ಆರಿತು.