ಹಲ್ಲಿನ ದಂಡದ ನೋಟಿಸ್ ಬಂದರೆ ಹೆದರಿ ಕಟ್ಟಬೇಡಿ

ಇಂಗ್ಲೆಂಡಿಗೆ ಹೊಸದಾಗಿ ಬಂದ ನಮ್ಮವರಿಗೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ವೀಸಾ ಜೊತೆ ಸಾಮಾನ್ಯವಾಗಿ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್‌ಚಾರ್ಜ್ ಕಟ್ಟಿರುತ್ತೀರಿ. ಜಿಪಿ (ಮನೆ ಹತ್ತಿರದ ಸಾಮಾನ್ಯ ಡಾಕ್ಟರು) ಹತ್ತಿರ ದುಡ್ಡು ಕೊಡಬೇಕಿಲ್ಲ, ಆಸ್ಪತ್ರೆಯಲ್ಲೂ ಬೇಕಿಲ್ಲ. ಆದರೆ ಹಲ್ಲಿಗೆ ಕೊಡಬೇಕು, ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಡೆಂಟಿಸ್ಟ್ ಆದರೂ! 2025ರ ಏಪ್ರಿಲ್ ದರದಲ್ಲಿ ಬರೀ ತಪಾಸಣೆಗೆ 27.40 ಪೌಂಡ್, ಫಿಲ್ಲಿಂಗ್, ರೂಟ್ ಕೆನಾಲ್, ಹಲ್ಲು ಕೀಳಿಸುವುದಕ್ಕೆ 75.30, ಕ್ರೌನ್ ಹಾಕಿಸಿದರೆ 326.70 ಇತ್ತು.

ಎಡವಟ್ಟು ಆಗುವುದು ರಿಸೆಪ್ಷನ್‌ನಲ್ಲಿ. ಟ್ಯಾಬ್ಲೆಟ್ ಮುಂದೆ ಹಿಡಿಯುತ್ತಾರೆ, ಎರಡು ಪ್ರಶ್ನೆ ಕೇಳುತ್ತಾರೆ, ಹೂಂ ಅಂತೀರಿ, ದುಡ್ಡು ಕೊಡುವುದರಿಂದ ವಿನಾಯಿತಿ ಇದೆ ಅನ್ನುವ ಕಡೆ ಟಿಕ್ ಅವರೇ ಹಾಕುತ್ತಾರೆ, ನೀವು ಬೆರಳಲ್ಲಿ ಸೈನ್ ಗೀಚುತ್ತೀರಿ. ಊರಲ್ಲಿ ಬ್ಯಾಂಕಿನವರು ಇಂಟು ಮಾರ್ಕ್ ಹಾಕಿಕೊಟ್ಟ ಕಡೆಯೆಲ್ಲ ಓದದೆ ಸೈನ್ ಮಾಡಿ ಬೆಳೆದವರು ನಾವು. ಇಲ್ಲಿ ಟಿಕ್ ಯಾರೇ ಹಾಕಲಿ, ಸೈನ್ ಮಾಡಿದವರದೇ ಹೊಣೆ. ಆ ವಿನಾಯಿತಿ ದಾಖಲೆಯಲ್ಲಿ ಸಿಗದಿದ್ದರೆ ದಂಡದ ನೋಟಿಸ್ ಬರುತ್ತದೆ.

ನಮ್ಮವರು ಜಾಸ್ತಿ ಸಿಕ್ಕಿಬೀಳುವುದು ಹಿರಿಯರ ವಿಷಯದಲ್ಲಿ. ಅಮ್ಮನಿಗೆ 60 ದಾಟಿದೆ, ಮಾತ್ರೆ ಫ್ರೀ. ಶುಗರ್ ಇದೆ ಅಂತ ಮೆಡಿಕಲ್ ಎಕ್ಸೆಂಪ್ಶನ್ ಕಾರ್ಡ್ ಕೂಡ ಕೊಟ್ಟಿರಬಹುದು. ಇವೆರಡೂ ಔಷಧಿಗೆ ಮಾತ್ರ, ಹಲ್ಲಿಗೆ ನಡೆಯಲ್ಲ. ಯೂನಿವರ್ಸಲ್ ಕ್ರೆಡಿಟ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ನೆರವು) ಬರುವವರಿಗೂ ಇನ್ನೊಂದು ಗಂಟಿದೆ. ಹಲ್ಲಿನ ಚಿಕಿತ್ಸೆ ಫ್ರೀ ಆಗಬೇಕಾದರೆ ಹಿಂದಿನ ಅಸೆಸ್‌ಮೆಂಟ್ ಅವಧಿಯಲ್ಲಿ (ಆ ನೆರವು ಲೆಕ್ಕ ಹಾಕುವ ತಿಂಗಳು) ಕೈಗೆ ಬಂದ ಸಂಬಳ 435 ಪೌಂಡ್ ಮೀರಿರಬಾರದು, ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಮಕ್ಕಳ ಭಾಗವೂ ಸೇರಿದ್ದರೆ 935.

ದಂಡದ ಲೆಕ್ಕ ಸುಲಭ. ಚಿಕಿತ್ಸೆಯ ದುಡ್ಡು, ಅದರ ಮೇಲೆ ಐದು ಪಟ್ಟು ದಂಡ, ಆದರೆ ದಂಡ ಹೆಚ್ಚೆಂದರೆ 100 ಪೌಂಡ್. ಮೇಲೆ ಹೇಳಿದ ದರದಲ್ಲಿ ಒಂದು ಫಿಲ್ಲಿಂಗ್‌ಗೆ ಒಟ್ಟು 175.30. 28 ದಿನ ಸುಮ್ನಿದ್ದರೆ ಇನ್ನೂ 50 ಸೇರಬಹುದು.

ನಮ್ಮ ಬೀದಿಯ ಹಾಸನದ ಹುಡುಗಿಗೆ ಈ ನೋಟಿಸ್ ಬಂದಾಗ ಅವಳ ಮಗುವಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಹೆರಿಗೆಯಾಗಿ 12 ತಿಂಗಳೊಳಗೆ ಚಿಕಿತ್ಸೆ ಶುರುವಾದರೆ ಪೂರ್ತಿ ಫ್ರೀ, ಅವಳಿಗೆ ಆ ಹಕ್ಕಿತ್ತು. ಗಂಡ ಮಾತ್ರ ಕಾರ್ಡ್ ಹಿಡಿದು ಕೂತಿದ್ದ, "ಯಾಕೆ ಆಂಟಿ ರಗಳೆ, ಯಾರಿಗೂ ಗೊತ್ತಾಗೋದು ಬೇಡ, ಕಟ್ಟಿಬಿಡ್ತೀನಿ" ಅಂತ. ಎರಡು ಕಾಗದ ಪಕ್ಕಪಕ್ಕ ಇಟ್ಟು ನೋಡಿದೆ. ವಿನಾಯಿತಿ ತೋರಿಸುವ ಮೆಟರ್ನಿಟಿ ಸರ್ಟಿಫಿಕೇಟಿನಲ್ಲಿ ಗಂಡನ ಸರ್‌ನೇಮ್. ಡೆಂಟಿಸ್ಟ್ ಹತ್ತಿರ ಪಾಸ್‌ಪೋರ್ಟಿನ ಪ್ರಕಾರ ಅಪ್ಪನ ಹೆಸರು. ಕಂಪ್ಯೂಟರಿಗೆ ಇಬ್ಬರೂ ಬೇರೆ ಬೇರೆ ಹೆಂಗಸರು! ಇನಿಷಿಯಲ್ ಬಿಡಿಸಿ ಬರೆದ ನಮ್ಮ ಹೆಸರುಗಳು ಒಂದೊಂದು ಕಚೇರಿಯಲ್ಲಿ ಒಂದೊಂದು ಥರ ಕೂತಿರುತ್ತವೆ. ಮೊದಲು ಅದನ್ನು ನೋಡಿ, ವಿಳಾಸ, ಹುಟ್ಟಿದ ದಿನಾಂಕವನ್ನೂ ನೋಡಿ. ಕೊನೆಗೆ ಆ ಗಂಡ ಹೆಂಡತಿ ಮೆಟರ್ನಿಟಿ ಸರ್ಟಿಫಿಕೇಟ್ ಜೊತೆ ಮಗುವಿನ ಬರ್ತ್ ಸರ್ಟಿಫಿಕೇಟ್ ಕಳಿಸಿದರು, ದಂಡ ರದ್ದಾಯಿತು.

ಇದೇನು ಅಪರೂಪ ಅಲ್ಲ. ಔಷಧಿ, ಹಲ್ಲು ಎರಡೂ ಸೇರಿ 2014ರಿಂದ ಕಳಿಸಿದ ನೋಟಿಸ್‌ಗಳಲ್ಲಿ ಸುಮಾರು 17 ಲಕ್ಷವನ್ನು ಆಮೇಲೆ ವಾಪಸ್ ಪಡೆಯಬೇಕಾಯಿತು ಅಂತ ಇಲ್ಲಿನ ನ್ಯಾಷನಲ್ ಆಡಿಟ್ ಆಫೀಸ್ 2019ರಲ್ಲಿ ಹೇಳಿತು. ಅವರಿಗೆಲ್ಲ ನಿಜವಾಗಿಯೂ ವಿನಾಯಿತಿ ಇತ್ತು. ಸುಮ್ನೆ ಕಟ್ಟಿದವರ ಲೆಕ್ಕ ಯಾರಿಟ್ಟಿದ್ದಾರೆ?

ವಿನಾಯಿತಿ ಇರಲೇ ಇಲ್ಲ ಅಂದರೂ ದಾರಿ ಇದೆ. 2006ರ ಎನ್‌ಎಚ್‌ಎಸ್ ಕಾಯ್ದೆಯ 193ನೇ ಸೆಕ್ಷನ್ ಪ್ರಕಾರ, ನೀವು ತಪ್ಪಾಗಿ ನಡೆದುಕೊಳ್ಳಲಿಲ್ಲ, ಅಜಾಗರೂಕರೂ ಆಗಿರಲಿಲ್ಲ ಅಂತ ತೋರಿಸಿದರೆ ದಂಡ ಬೀಳುವುದಿಲ್ಲ. ಚಿಕಿತ್ಸೆಯ ದುಡ್ಡು ಕೊಡಲೇಬೇಕು. "ಗೊತ್ತಿರಲಿಲ್ಲ" ಅಂತಷ್ಟೇ ಬರೆದರೆ ಸಾಲದು. ಯಾವ ದಿನ, ರಿಸೆಪ್ಷನ್‌ನಲ್ಲಿ ಏನು ಕೇಳಿದರು, ನೀವು ಏನು ಹೇಳಿದಿರಿ, ಯಾವ ಕಾಗದ ತೋರಿಸಿದಿರಿ, ಅದನ್ನೆಲ್ಲ ಬರೆಯಿರಿ. ನೋಟಿಸ್ ಕಳಿಸಿದವರಿಗೇ ಆನ್‌ಲೈನ್‌ನಲ್ಲೋ ಪೋಸ್ಟಿನಲ್ಲೋ ಕಳಿಸಿ, ನೋಟಿಸಿನ ರೆಫರೆನ್ಸ್ ನಂಬರ್ ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ.

ನಮ್ಮನ್ನು ಮುಳುಗಿಸುವುದು 175 ಪೌಂಡ್ ಅಲ್ಲ, ನಾಚಿಕೆ. ದಂಡದ ನೋಟಿಸ್ ಅಂದರೆ ಕ್ರಿಮಿನಲ್ ಕೇಸ್ ಅಲ್ಲ, ಆದರೂ ಮನೆಗೆ ಪೊಲೀಸ್ ಬಂದಂತೆ ಮುಖ ಮಾಡಿಕೊಳ್ಳುತ್ತೇವೆ. ನಾವು ಇಲ್ಲಿಯವರು ಅಂತ ಒಳಗೊಳಗೆ ಇನ್ನೂ ನಂಬಿಕೆ ಬಂದಿಲ್ಲ, ಅದಕ್ಕೇ ಇರಬೇಕು. ಊರಿನ ಹಲ್ಲಿನ ಡಾಕ್ಟರ ಜೊತೆ "ಸ್ವಲ್ಪ ಕಡಿಮೆ ಮಾಡ್ಕೊಳ್ಳಿ ಸಾರ್" ಅಂತ ಎದುರೆದುರೇ ಚೌಕಾಸಿ ಮಾಡುತ್ತಿದ್ದ ಬಾಯಿ ಇಲ್ಲಿ ಕಾಗದ ಕಂಡರೆ ಕಟ್ಟಿಹೋಗುತ್ತದೆ. ಇಲ್ಲಿ ನೆಲೆಸಿದ ಅಜ್ಜಿಯನ್ನು ಮೊಮ್ಮಗಳ ಜೊತೆ ಕಳಿಸುತ್ತೇವೆ. ಆ ಮಗು ಎರಡೂ ಕಡೆ ಹೂಂಗುಟ್ಟಿ ಬರುತ್ತದೆ. ಆಮೇಲೆ ನೋಟಿಸ್ ಓದುವುದೂ ಅದೇ ಮಗು. ಅಜ್ಜಿ ಸುಳ್ಳು ಹೇಳಿದ್ರಾ ಅಂತ ಇಂಗ್ಲಿಷಿನಲ್ಲಿ ಕೇಳುತ್ತದೆ. ಅಜ್ಜಿಗೆ ಅರ್ಥವಾಗದೆ ಇರಲಿ ಅಂತಲೇ. ಅಂಥ ಕೆಲಸಕ್ಕೆ ಮಕ್ಕಳನ್ನು ಕಳಿಸಬೇಡಿ. ಕನ್ನಡ ಇಂಟರ್‌ಪ್ರಿಟರ್ ಬೇಕು ಅಂತ ಅಪಾಯಿಂಟ್‌ಮೆಂಟ್ ಮಾಡುವಾಗಲೇ ಕೇಳಿ.

ಯೂನಿವರ್ಸಿಟಿಗೆ ಹೋಗುವ ಮಕ್ಕಳಿಗೆ 19 ತುಂಬುವ ತನಕ, ಫುಲ್‌ಟೈಮ್ ಓದುತ್ತಿದ್ದರೆ, ಹಲ್ಲಿನ ಚಿಕಿತ್ಸೆ ಫ್ರೀ. 19 ತುಂಬಿದ ಮೇಲೆ ಇಲ್ಲ. ಉಳಿತಾಯ 16,000 ಪೌಂಡ್ ಒಳಗಿದ್ದು ಆದಾಯ ಕಡಿಮೆ ಇದ್ದರೆ ಎಚ್‌ಸಿ1 ಅರ್ಜಿ ಹಾಕಬಹುದು. ಎಚ್‌ಸಿ2 ಸರ್ಟಿಫಿಕೇಟ್ ಬಂದರೆ ಪೂರ್ತಿ ಫ್ರೀ, ಎಚ್‌ಸಿ3 ಬಂದರೆ ಸ್ವಲ್ಪ ರಿಯಾಯಿತಿ. ಹಾಸ್ಟೆಲಿಗೆ ಚಟ್ನಿಪುಡಿ ಕಟ್ಟಿಕೊಡುವಾಗಲೇ ಈ ಅರ್ಜಿಯನ್ನೂ ತುಂಬಿಸಿ. ಫೋನಿನಲ್ಲಿ ಹೇಳಿದರೆ ಕೇಳುವ ವಯಸ್ಸಲ್ಲ ಅದು.